ಬರ್ತೇನ್ರಿ

"ನಾ ಬರ್ತೇನ್ರಿ" ಎಂದು ಉಣಕಲ್ ಕೆರೆಯ ದಂಡೆಯಲ್ಲಿ ಯಶೋಧರಾ ಹೇಳಿದ್ದು ಜೊತೆಗೆ ವಾಕಿಂಗ್ ಬರುವ ಕುಬೇರಪ್ಪ ಕಾಕಾರಿಗೆ. ವಾಕಿಂಗ್ ಮುಗಿಸಿ ಮನೆಗೆ ಹೊರಟವಳ ಮಾತದು. ನಮ್ಮ ಕಡೆ ಹೊರಡುವಾಗ 'ಹೊಕ್ಕೇನಿ', ಹೋಗುತ್ತೇನೆ, ಅಂದರೆ ಹಿರಿಯರು ಬೈಯುತ್ತಾರೆ; 'ಬರ್ತೇನಿ' ಅಂತಲೇ ಅನ್ನಬೇಕು.

ದಂಡೆಯ ಹತ್ತಿರವೇ, ಗಾಳಿ ತುಂಬುವ ಪುಟ್ಟ ದೋಣಿಯಲ್ಲಿ ಕುಳಿತು ಕೆರೆಯ ಕಸ ಎತ್ತುತ್ತಿದ್ದ ಅಂಬರೀಷ ಮಾಸ್ತರನಿಗೆ ಅದು ತನಗೇ ಹೇಳಿದಂತೆ ಕೇಳಿಸಿತು.

"ಬರ್ರಿ, ಬರ್ರಿ!" ಎಂದು ಜಾಗ ಬಿಡಲು ಪಕ್ಕಕ್ಕೆ ಸರಿದ. ದೋಣಿ ಮಗುಚಿತು.

ಅವಳು ಓಢಣಿಯಿಂದ ಬಾಯಿ ಮುಚ್ಚಿಕೊಂಡಳು, ಕಣ್ಣುಗಳು ಮಾತ್ರ ನಗುತ್ತಲೇ ಇದ್ದವು. ಮೊಳಕಾಲುದ್ದದ ನೀರಿನಲ್ಲಿ ಪೂರ್ತಿ ಮುಳುಗಿದವನು ಹುಬ್ಬಳ್ಳಿಯಲ್ಲಿ ಅವನೊಬ್ಬನೇ ಇರಬೇಕು.

"ಇಬ್ಬರಿಗೆ ಆಗತೈತಿ ಅಂತ ಆನ್‌ಲೈನ್‌ದಾಗ ಬರ್ದಿದ್ರು" ಎಂದ, ನಾಚಿಕೊಂಡು.

"ಇಬ್ಬರು ಅಂದ್ರ ಎರಡು ಬೆಕ್ಕು ಇರಬೇಕ್ರಿ, ಮಾಸ್ತರ!"

ಆಮೇಲೆ ಪ್ರತಿ ಐತವಾರ ಕಸ ಎತ್ತಲು ಅವಳೂ ಬರತೊಡಗಿದಳು. ದೋಣಿಗೆ ಎರಡು ರೋಗ. ಜೋಡಣೆಯಲ್ಲಿ ಗಾಳಿ ಸೋರುತ್ತಿತ್ತು, ಒಬ್ಬರು ಅಲುಗಿದರೆ ವಾಲುತ್ತಿತ್ತು. ದುರ್ಗದಬೈಲಿನಿಂದ ತಂದ ಸೈಕಲ್ ಪ್ಯಾಚು ವಾರ ತುಂಬುವುದರೊಳಗೆ ದೋಸೆಯಂತೆ ಎದ್ದು ಬರುತ್ತಿತ್ತು. ಹಾಗಾಗಿ ಅವನು ಹುಟ್ಟು ಹಾಕಿದರೆ ಅವಳು ಎದುರು ಕುಳಿತು ಪಂಪು ಒತ್ತುತ್ತಿದ್ದಳು. ಅವನು ಒಂದು ಕಡೆ ಬಾಗಿದರೆ ಹೇಳದೆಯೇ ಇನ್ನೊಂದು ಕಡೆ ಬಾಗುತ್ತಿದ್ದಳು. ಇಂಥ ದೋಣಿ ಕಳಿಸಿದ ಪುಣ್ಯಾತ್ಮರಿಗೆ ಅಂಬರೀಷ ದಿನಾ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ. ಗಟ್ಟಿ ದೋಣಿ ಬಂದಿದ್ದರೆ ಅವಳಿಗೆ ಇಲ್ಲೇನು ಕೆಲಸವಿತ್ತು?

ಒಂದು ಐತವಾರ ಅವಳು ಪಂಪು ನಿಲ್ಲಿಸಿದಳು.

"ನಾಡಿದ್ದ ನನ್ನ ನೋಡಾಕ ಬೀದರದಿಂದ ಬರ್ತಾರಂತ. ಅವ್ವಗ ಇವತ್ತ ಹೂಂ ಅನ್ನಬೇಕು, ಇಲ್ಲಾ ಒಲ್ಲೆ ಅನ್ನಬೇಕು."

ಅಂಬರೀಷ ಹೇಳಬೇಕಾದದ್ದು ಒಂದು, ಬಾಯಿಗೆ ಬಂದದ್ದೇ ಬೇರೆ.

"ಗಬ್ಬೂರಾಗ ತಾಡಪತ್ರಿ ಅಂಟಸೋ ಆಫ್ತಾಬ ಭಾಯಿ ಕಡೆ ಛಲೋ ಗಮ್ ಐತಂತ. ಇನ್ನ ಬೋಟ್ ಸೋರೂದಿಲ್ರಿ."

"ಹಂಗಾರ ಪಂಪ್ ಒತ್ತಾವರು ಬ್ಯಾಡ ಅನ್ರಿ."

ದಂಡೆ ಮುಟ್ಟುವವರೆಗೂ ಅವಳು ಅವನ ಕಡೆ ನೋಡಲಿಲ್ಲ. ಇಳಿದು ಚಪ್ಪಲಿ ಮೆಟ್ಟಿಕೊಂಡಳು.

"ನಾ ಬರ್ತೇನ್ರಿ."

'ಬರ್ರಿ' ಎಂದುಬಿಟ್ಟರೆ ಮುಗಿಯಿತು, ಹೋಗಿಬಿಡುತ್ತಾಳೆ. ಅಂಬರೀಷ ಗಾಬರಿಯಲ್ಲಿ ಎದ್ದು ನಿಂತ. ದೋಣಿ ಮತ್ತೆ ಮಗುಚಿತು.

"ಯಶೋಧರಾ!" ನೀರಿನಲ್ಲಿ ಕೂತೇ ಕೂಗಿದ. "ಸೋರೂದಕ್ಕ ಗಮ್ ಸಿಗತೈತ್ರಿ. ವಾಲೂದಕ್ಕ ಎಲ್ಲೂ ಔಷಧ ಇಲ್ಲ. ನೀವು ಎದುರಿಗೆ ಇಲ್ಲಂದ್ರ ನಾ ಬೀಳ್ತೇನಿ. ಬೋಟ್‌ನ್ಯಾಗ ಅಷ್ಟ ಅಲ್ರಿ, ಮನ್ಯಾಗೂ."

ಅವಳು ತಿರುಗಿ ನಿಂತಳು. ಕಣ್ಣುಗಳು ತುಂಬಿದ್ದವು, ತುಟಿ ನಗುತ್ತಿತ್ತು.

"ಇಷ್ಟು ಹೇಳಾಕ ಎರಡು ಸಲ ಬೀಳಬೇಕಾತೇನ್ರಿ?"

ಅಲ್ಲೇ ಫೋನು ತೆಗೆದಳು. "ಅವ್ವಾ, ಬೀದರದವರಿಗೆ ಬರಬ್ಯಾಡ್ರಿ ಅನ್ನು. ಯಾಕಂತ ಮನಿಗೆ ಬಂದು ಹೇಳ್ತೇನಿ."

ಚಪ್ಪಲಿ ಕಳಚಿ ನೀರಿನ ಹತ್ತಿರ ಬಂದಳು. "ಅವತ್ತ ಕಾಕಾಗ ಹೇಳಿದ್ದೆ. ಇವತ್ತ ನಿಮಗ ಹೇಳಾಕತ್ತೇನಿ. ನಾ ಬರ್ತೇನ್ರಿ."

ಈ ಸಲ ಅಂಬರೀಷ ಜಾಗ ಬಿಡಲು ಹೋಗಲಿಲ್ಲ. ಮಗುಚಿದ್ದ ದೋಣಿಯನ್ನು ನೆಟ್ಟಗೆ ಮಾಡಿ, ಅವಳು ಹತ್ತಿ ಕೂರುವವರೆಗೆ ನೀರಿನಲ್ಲೇ ನಿಂತು, ಎರಡೂ ಕೈಯಿಂದ ದೋಣಿ ಹಿಡಿದುಕೊಂಡ.

"ಬರ್ರಿ" ಎಂದ.