ಕಿವಿಯಲ್ಲಿ ಕೂತ ಅಭಿಪ್ರಾಯ

ತಾನೇ ಸ್ಕ್ರೂ ಬಿಚ್ಚಲು ಕಲಿಸಿದ ಕಿರಿಯನೊಬ್ಬ ಒಂದು ಬೆಳಗ್ಗೆ ಮೇಲಧಿಕಾರಿಯಾಗಿ ಬಂದು ಕೂತರೆ ಯಾರ ಹೊಟ್ಟೆ ಉರಿಯುವುದಿಲ್ಲ? ಹದಿನೆಂಟು ವರ್ಷದಿಂದ ಶ್ರವಣಯಂತ್ರ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗೂ ಉರಿಯಿತು. ಕಂಪನಿಯ ನಿಯಮ ಸರಳವಾಗಿತ್ತು: ತರಬೇತುದಾರನಾಗಬೇಕಾದರೆ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಆರು ಅಂಕ ಬೇಕು. ಕಿರಿಯನಿಗೆ ಆರೂವರೆ ಬಂದಿತ್ತು. ಇವನಿಗೆ ಎರಡು ಸಲವೂ ನಾಲ್ಕೂವರೆ. ಇನ್ನೊಂದು ಹುದ್ದೆ ಖಾಲಿಯಿತ್ತು, ಇನ್ನೊಂದೇ ಅವಕಾಶವಿತ್ತು.

ಹಾಗಂತ ಇಂಗ್ಲಿಷ್ ಬಾರದವನೇನಲ್ಲ. ಮನೆ, ಕೆಲಸ, ಹವ್ಯಾಸ ಎಂದೆಲ್ಲ ಕೇಳಿದರೆ ತಡವರಿಸಿಕೊಂಡಾದರೂ ದಡ ಮುಟ್ಟುತ್ತಿದ್ದ. ಕೊನೆಯ ಐದು ನಿಮಿಷದಲ್ಲಿ 'ನಿಮ್ಮ ಅಭಿಪ್ರಾಯವೇನು?' ಎಂದು ಕೇಳುವ ಭಾಗ ಬಂತೆಂದರೆ ಮುಗಿಯಿತು. ಐವರು ಮಕ್ಕಳ ಮನೆಯಲ್ಲಿ ಕೊನೆಗೆ ಹುಟ್ಟಿದವನು; ಅಭಿಪ್ರಾಯಗಳೂ ಅಣ್ಣಂದಿರ ಅಂಗಿಯ ಹಾಗೆ ಸವೆದ ಮೇಲೇ ಅವನಿಗೆ ಸಿಗುತ್ತಿದ್ದವು. ಮೊಬೈಲು ಮಕ್ಕಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೋದ ಸಲ ಕೇಳಿದಾಗ, 'ತಾವು ಹೇಗೆ ಹೇಳಿದರೆ ಹಾಗೆ' ಎಂದು ಕೈಕಟ್ಟಿ ಉತ್ತರಿಸಿದ್ದ. ವಿನಯಕ್ಕೆ ಅಲ್ಲಿ ಅಂಕವಿರಲಿಲ್ಲ.

ಅಭಿಪ್ರಾಯದ ಗಣಿ ಇದ್ದದ್ದು ದೊಡ್ಡಕ್ಕನ ಬಾಯಲ್ಲಿ. ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಕೇಳುವವರಿಲ್ಲದೆ, ಟಿವಿಯಲ್ಲಿ ವಾರ್ತೆ ಓದುವವರ ಜೊತೆಗೇ ಜಗಳಕ್ಕೆ ನಿಲ್ಲುತ್ತಿದ್ದಳು.

"ಇದು ಮೋಸ ಅಲ್ವೇನೋ?" ಎಂದಳು, ತಮ್ಮ ತನ್ನ ಉಪಾಯ ಬಿಚ್ಚಿಟ್ಟಾಗ.

"ಹೋಗ್ಲಿ ಬಿಡಕ್ಕ. ನಿನ್ನ ಅಭಿಪ್ರಾಯ ಬೇಕಿತ್ತು, ಅದಕ್ಕೇ ಬಂದೆ. ಬೇರೆ ಯಾರನ್ನಾದ್ರೂ ಕೇಳ್ತೀನಿ."

"ಬೇರೆಯವರ ಹತ್ರ ಏನಿದೆ ಮಣ್ಣು! ಕೂತ್ಕೋ."

ಉಪಾಯ ಅವನ ಕಸುಬಿನಿಂದಲೇ ಹುಟ್ಟಿತ್ತು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಫೋನು, ವಾಚು, ಕೊನೆಗೆ ಪೆನ್ನನ್ನೂ ಕಿತ್ತಿಟ್ಟುಕೊಳ್ಳುತ್ತಿದ್ದರು. ಡಾಕ್ಟರ ಚೀಟಿಯಿದ್ದರೆ ಶ್ರವಣಯಂತ್ರವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಂಥ ಚೀಟಿಗಳು ಅವನ ರಿಪೇರಿ ಮೇಜಿನಲ್ಲಿ ಕಟ್ಟುಗಟ್ಟಲೆ ಬಿದ್ದಿದ್ದವು. ಒಂದರಲ್ಲಿ ಹೆಸರು ಬದಲಾಯಿತು. ಜೇಬಿನಲ್ಲಿಡುವ ಹಳೇ ಕಾಲದ ಯಂತ್ರದ ಡಬ್ಬಿಯೊಳಗೆ ಚಿಕ್ಕ ಫೋನೊಂದರ ಕರುಳನ್ನು ಕೂರಿಸಿದ. ಪ್ರಶ್ನೆ ಅಕ್ಕನಿಗೆ ಕೇಳುತ್ತದೆ, ಅಕ್ಕನ ಉತ್ತರ ಇವನ ಕಿವಿಗೆ ಬರುತ್ತದೆ. ಮಂದಗಿವಿಯವನು ಉತ್ತರಿಸಲು ತುಸು ತಡಮಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ, ಪಾಪ ಅನ್ನುತ್ತಾರೆ. ಆ ಪಾಪವೇ ಅವನ ಬಂಡವಾಳ.

ಪರೀಕ್ಷೆಗೆ ಒಂದು ತಿಂಗಳು ಮೊದಲೇ ಡಬ್ಬಿ ತೂಗುಹಾಕಿಕೊಂಡು ಕೆಲಸಕ್ಕೆ ಹೋದ. ಜನ ಕಿರುಚಿ ಮಾತಾಡತೊಡಗಿದರು. ಹೊಸ ಮೇಲಧಿಕಾರಿ ಬೆನ್ನ ಹಿಂದೆ, "ಪಾಪ, ಒಳ್ಳೆ ಮನುಷ್ಯ, ಆದ್ರೆ ತಲೇಲಿ ಏನೂ ಇಲ್ಲ," ಎಂದದ್ದು ಅವನಿಗೆ ಚೆನ್ನಾಗಿಯೇ ಕೇಳಿಸಿತು. ಮನಸ್ಸಿಗೆ ನೋವಾಯಿತು, ಹಠವೂ ಬಂತು.

ಸಂಜೆ ಹೊತ್ತು ಅಭ್ಯಾಸ. ಅವನು ಹಜಾರದಲ್ಲಿ, ಅಕ್ಕ ಕೋಣೆಯೊಳಗೆ ಚಿಲಕ ಹಾಕಿಕೊಂಡು. ತನ್ನ ಶತ್ರು ಯೋಚನೆಯೇ ಎಂದು ಮೂರೇ ದಿನಕ್ಕೆ ಕಂಡುಕೊಂಡ: ಅರ್ಥಕ್ಕೆ ಗಮನ ಕೊಟ್ಟರೆ ನಾಲಿಗೆ ಮುಗ್ಗರಿಸುತ್ತಿತ್ತು. ಆದ್ದರಿಂದ ಅರ್ಥ ಬಿಟ್ಟು ಸದ್ದನ್ನಷ್ಟೇ ಹಿಡಿದ, ಏರಿಳಿತದ ಸಮೇತ. ಬಸ್ಸು, ವಾಯುಮಾಲಿನ್ಯ, ಸಮವಸ್ತ್ರ, ಜಾಹೀರಾತು ಎಂದು ಇಪ್ಪತ್ತೆರಡು ವಿಷಯಗಳ ಮೇಲೆ ಅಕ್ಕ ಗುಡುಗಿದಳು, ಇವನು ಪ್ರತಿಧ್ವನಿಸಿದ. ಅತಿಯಾದರೆ ಅನುಮಾನ ಬಂದೀತೆಂದು ಅಕ್ಕನಿಂದ ದೊಡ್ಡ ದೊಡ್ಡ ಪದಗಳನ್ನು ಕೈಬಿಡಿಸಿದ. ಸಿಕ್ಕಿಬಿದ್ದರೆ ಹೊಸ ಹುದ್ದೆಯ ಮಾತಿರಲಿ, ಇದ್ದ ಕೆಲಸವೂ ಹೋದಂತೆಯೇ. ಆದರೆ ಸಿಕ್ಕಿಬೀಳಲು ಎಲ್ಲಿಯೂ ಸಂದು ಕಾಣಲಿಲ್ಲ.

ಪರೀಕ್ಷೆಯ ಬೆಳಗ್ಗೆ ಎಲ್ಲವೂ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಬಾಗಿಲಲ್ಲಿದ್ದವರು ಚೀಟಿ ನೋಡಿ, ಡಬ್ಬಿ ನೋಡಿ, "ಒಳಗೆ ಹೋಗಿ!" ಎಂದು ಕಿವಿಯ ಹತ್ತಿರ ಕೂಗಿದರು. ಬೆಳ್ಳಿಗೂದಲ ಪರೀಕ್ಷಕಿ ರೆಕಾರ್ಡರ್ ಒತ್ತಿ, ಕರುಣೆಯಿಂದ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಮನೆ, ಕೆಲಸ, ಹವ್ಯಾಸ ಮುಗಿದವು. ಅಭಿಪ್ರಾಯದ ಭಾಗದಲ್ಲಿ ಮೊದಲು ಬಂದದ್ದು ಜಾಹೀರಾತಿನ ಪ್ರಶ್ನೆ. ಅಕ್ಕ ಕಿವಿಯಲ್ಲಿ ಹೇಳಿದಳು, ಇವನು ಇಂಗ್ಲಿಷಿನಲ್ಲಿ ಮುತ್ತು ಪೋಣಿಸಿದ. ಪರೀಕ್ಷಕಿಯ ಪೆನ್ನು ಸರಸರ ಓಡಿತು.

ಕೊನೆಯ ಪ್ರಶ್ನೆ: ಮಗು ಹುಟ್ಟಿದಾಗ ತಂದೆಗೂ ರಜೆ ಕೊಡಬೇಕೆ, ನಿಮ್ಮ ಅಭಿಪ್ರಾಯವೇನು? ಕಿವಿಯಲ್ಲಿ ಅಕ್ಕನ ಧ್ವನಿ ಕಟ್ಟೆಯೊಡೆದು ಬಂತು. ಇಷ್ಟು ಆವೇಶದಲ್ಲಿ ಅವಳು ಎಂದೂ ಮಾತಾಡಿರಲಿಲ್ಲ. ಅವನೂ ಒಂದಕ್ಷರ ಬಿಡದೆ ಹಿಡಿದ. "ಕೊಡಲೇಬೇಕು!" ಎಂದು ಇಂಗ್ಲಿಷಿನಲ್ಲಿ ಮೇಜು ಕುಟ್ಟಿದ. ಪರೀಕ್ಷಕಿ ತಲೆದೂಗಿದರು. ಹುರುಪೇರಿ, ಮುಂದಿನ ವಾಕ್ಯಗಳನ್ನು ಗಂಟಲು ನಡುಗಿಸಿ ಒಪ್ಪಿಸಿದ: "ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಎರಡನೆಯ ಹೆರಿಗೆ ಹದಿನಾಲ್ಕು ಗಂಟೆ ಹಿಡಿಯಿತು. ನನ್ನ ಗಂಡ ಆಗ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಪೇಪರ್ ಓದುತ್ತಿದ್ದರು." ಪೆನ್ನು ನಿಂತಿತು. ಮಾತು ನಾಟಿತು ಎಂದುಕೊಂಡ ಅವನು, ರೆಕಾರ್ಡರಿನ ಕಡೆಗೆ ಇನ್ನಷ್ಟು ಬಾಗಿ, ತನ್ನ ಮೊದಲನೆಯ ಬಾಣಂತನದ ಕಷ್ಟಗಳನ್ನು ಹೇಳತೊಡಗಿದ.