ಹಾಕದ ಹಾಲಿಗೆ ಬೆರೆತ ನೀರು

ಒಳ್ಳೆಯ ಎಮ್ಮೆಗೆ ಈಗ ಲಕ್ಷದ ಮೇಲೆ. ಹಿಂಡಿ, ಕಣಕಿ ಮೇವು, ದನದ ಡಾಕ್ಟರ ಖರ್ಚು ಬೇರೆ. ಇಷ್ಟೆಲ್ಲ ಹಾಕಿದ ಮೇಲೆ ನೀರು ಬೆರೆಸುವವಳು ಎಂದು ಹೆಸರು ಬಂದರೆ ಎಮ್ಮೆ ಇದ್ದೂ ಇಲ್ಲದಂತೆ. ಸಿಂದಗಿ ಕಡೆಯ ಹಳ್ಳಿಯಿಂದ ರೇವವ್ವ ಇಂಡಿಗೆ ಬಂದದ್ದು ಆ ಹೆಸರು ಹೊತ್ತುಕೊಂಡೇ.

ಇಂಡಿಯಲ್ಲಿ ರಾಜಶ್ರೀಬಾಯಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾರೆ. ಬಗೆಹರಿಯದ ತಂಟೆ ಹೊತ್ತು ಜನ ಅವರ ಬಾಗಿಲಿಗೆ ಬರುತ್ತಾರೆ. ಬಾಯಿಯವರನ್ನು ಊರೂರಿಗೆ ಕರೆದೊಯ್ಯುವ ಕಾರು ನನ್ನದು, ಕಾಸಿಂಸಾಬನದು. ಹಾಗಾಗಿ ಎಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ.

ರೇವವ್ವನ ಊರ ಹಾಲಿನ ಸಂಘದವರು ಅಮಾವಾಸ್ಯೆ ದಿನದ ಹಾಲಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ರೇವವ್ವನ ಹಾಲಿಗೆ ನೀರು ಬೆರೆತಿದೆ ಎಂದು ಅದರಲ್ಲಿತ್ತು. ಅವಳು ಇಂಡಿಗೆ ಬಂದ ದಿನವೇ ಸಂಜೆ ಸಭೆ ಸೇರಿಸಿ ಸದಸ್ಯತ್ವ ಕಿತ್ತುಹಾಕುವವರಿದ್ದರು. ಅದು ಹೋದರೆ ಆಕೆಯ ಮನೆ ನಡೆಯುವಂತಿರಲಿಲ್ಲ.

“ಅಮಾಸಿ ದಿನ ನಾ ಹಾಲು ಮಾರೂದಿಲ್ರಿ ಬಾಯಾರ,” ಎಂದಳು ರೇವವ್ವ. “ಅತ್ತಿ ಕಾಲದ ಪದ್ಧತಿ. ಈಗ ಊರಾಗ ಅದನ್ನ ನಡಸಾಕಿ ನಾ ಒಬ್ಬಾಕೀನೇ ಉಳದೇನಿ. ಹಾಕದ ಹಾಲಿಗೆ ನೀರು ಎಲ್ಲಿಂದ ಬಂತ್ರಿ? ಕೇಳಿದ್ರ, ಮಷಿನ್ ಸುಳ್ಳು ಹೇಳೂದಿಲ್ಲ ಅಂತಾನ ಸಿದ್ದರಾಯ.”

ಸಿದ್ದರಾಯ ಸಂಘದ ನಿರ್ದೇಶಕ. ಕಳೆದ ಚುನಾವಣೆಯಲ್ಲಿ ರೇವವ್ವ ಅವನ ಎದುರು ನಿಂತು ಸ್ವಲ್ಪದರಲ್ಲಿ ಸೋತಿದ್ದಳು.

ಬೆಳಗಿನ ಗದ್ದಲದಲ್ಲಿ ಸದಸ್ಯರೇ ತಮ್ಮ ನಂಬರು ಒತ್ತಿ ಹಾಲು ಸುರಿಯುತ್ತಾರೆ ಎಂದು ತಿಳಿದಾಗ, ಯಾರೋ ಈಕೆಯ ನಂಬರು ಒತ್ತಿರಬೇಕು ಎಂದೆ. ರಾಜಶ್ರೀಬಾಯಿ ಊರಿಗೇ ಹೋಗಿ ನೋಡೋಣ ಎಂದು ಕಾರು ಹತ್ತಿದರು.

ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಸ್ರೀನ ಅತ್ತು ಮುಖ ಬಾಡಿಸಿಕೊಂಡಿದ್ದಳು. ಅರ್ಧ ಊರು ಅವಳನ್ನೇ ಅನುಮಾನಿಸುತ್ತಿತ್ತು. ಹಾಲಿನ ಮಷಿನ್ ಪ್ರತಿ ನಂಬರಿಗೆ ಒಂದು ಸಾಲಿನಂತೆ ಅಳತೆ ಬರೆದಿಡುತ್ತದೆ, ಬಾರದವರ ಸಾಲು ಖಾಲಿ ಬಿಡುತ್ತದೆ. ನಸ್ರೀನಳ ಶೆಲ್ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳು, ಹೆಸರಿನ ಫೈಲನ್ನೂ ಅಳತೆಯ ಫೈಲನ್ನೂ ಪಕ್ಕಪಕ್ಕ ಜೋಡಿಸಿ ಪಟ್ಟಿ ಮಾಡುತ್ತದೆ. ಖಾಲಿ ಸಾಲುಗಳು ಕಾಗದ ಹಾಳು ಮಾಡುತ್ತವೆ, ತೆಗೆದುಬಿಡು ಎಂದು ಸಿದ್ದರಾಯ ಎರಡು ತಿಂಗಳ ಹಿಂದೆ ಹೇಳಿದ್ದರಿಂದ, ಜೋಡಿಸುವ ಮೊದಲೇ ಅಳತೆಯ ಫೈಲಿನಿಂದ ಅವನ್ನು ಅಳಿಸುವ ಆಜ್ಞೆಯನ್ನೂ ಸೇರಿಸಿದ್ದಳು.

ಗೋಡೆಯ ಪಟ್ಟಿಯಲ್ಲಿ ರೇವವ್ವನ ಕೆಳಗಿನ ಹೆಸರು ಸಿದ್ದರಾಯನದು. ಕಟ್ಟಕಡೆಯ ಹೆಸರು ಸಿಕಂದರ ಎಂಬ ಸದಸ್ಯನದು. ಅದರ ಮುಂದೆ ಅಳತೆಯೇ ಇರಲಿಲ್ಲ. ರಾಜಶ್ರೀಬಾಯಿ ಸಿಕಂದರನನ್ನು ಕರೆಸಿದರು. ತಾನು ಅವತ್ತು ಹಾಲು ಹಾಕಿದ್ದಾಗಿ ಅವನು ಆಣೆ ಮಾಡಿದ.

“ಹಿಂದಿನ ಅಮಾಸಿಗೂ ಹಿಂಗ ಆಗಿತ್ರಿ. ಸಿದ್ದರಾಯಣ್ಣ ಕಿಸೇದಾಗಿಂದ ರೊಕ್ಕ ಕೊಟ್ಟ. ನಸ್ರೀನಗ ಹೇಳಬ್ಯಾಡ, ಪಾಪ, ಹುಡುಗಿ ಕೆಲಸ ಹೋಗ್ತೈತಿ ಅಂದ.”

ರಾಜಶ್ರೀಬಾಯಿ ನನ್ನ ಕಡೆ ತಿರುಗಿದರು. “ಕಾಸಿಂ ಕಾಕಾ, ಬ್ಯಾರೆಯವರು ಈಕೀ ನಂಬರು ಒತ್ತಿದ್ರ ಸಿಕಂದರನ ಅಳತಿ ಯಾಕ ಕಾಣಿಯಾಗಬೇಕು?”

ಸಂಜೆ ಸಭೆಗೆ ಎಲ್ಲರೂ ಬಂದರು. ರಾಜಶ್ರೀಬಾಯಿ ಕುರ್ಚಿಗಳನ್ನು ಒಂದೇ ಸಾಲಿನಲ್ಲಿ ಹಾಕಿಸಿ, ಬೆನ್ನಿಗೆ ಹೆಸರು ಅಂಟಿಸಿ, ನಂಬರಿನ ಪ್ರಕಾರ ಕೂರಿಸಿದರು.

“ಕುರ್ಚಿ ಅಂದ್ರ ಹೆಸರಿನ ಫೈಲು. ಕುಂತವರು ಅಳತಿ. ಉಳದ ದಿನ ಎಲ್ಲಾರೂ ಬರತೀರಿ. ಅಮಾಸಿ ದಿನ ರೇವವ್ವ ಒಬ್ಬಾಕೀ ಬರಲಿಲ್ಲ. ಏಳವ್ವ. ಖಾಲಿ ಸಾಲು ಇಡಬಾರದು ಅಂತ ಹುಕುಂ ಐತಿ. ಹಿಂದಿನವರೆಲ್ಲ ಒಂದೊಂದು ಕುರ್ಚಿ ಮುಂದ ಬರ್ರಿ.”

ಕುರ್ಚಿಗಳು ಕಿರುಗುಟ್ಟಿದವು. ಸಿಕಂದರನ ಕುರ್ಚಿ ಬರಿದಾಯಿತು. ಸಿದ್ದರಾಯ ಮಾತ್ರ ಎದ್ದು ನಿಂತವನು ಮುಂದೆ ಸರಿಯಲಿಲ್ಲ.

“ಕುಂದ್ರು ಸಿದ್ದರಾಯಣ್ಣ. ರೇವವ್ವನ ಕುರ್ಚಿ ಅದು, ಮುಳ್ಳೇನಿಲ್ಲ.”

ಖಾಲಿ ಸಾಲು ಅಳಿಸುವ ಬದಲು ಅಲ್ಲಿ ‘ಬಂದಿಲ್ಲ’ ಎಂದು ಬರೆಯುವಂತೆ ನಸ್ರೀನ ಸ್ಕ್ರಿಪ್ಟು ತಿದ್ದಿದ್ದಳು. ಮಷಿನಿನ ಮೂಲ ಫೈಲು ಹಾಗೇ ಉಳಿದಿತ್ತು. ಹೊಸ ಪಟ್ಟಿಯಲ್ಲಿ ನೀರಿನ ಅಳತೆ ಸಿದ್ದರಾಯನ ಹೆಸರಿಗೆ ಬಂತು.

ಕ್ಯಾನು ತೊಳೆದ ನೀರು ಉಳಿದಿರಬೇಕು ಎಂದ ಅವನು.

“ಇರಬಹುದು. ಆದ್ರ ಹಿಂದಿನ ಅಮಾಸಿಗೇ ತನ್ನ ಅಳತಿ ಇಲ್ಲಂತ ಸಿಕಂದರ ನಿನಗ ಹೇಳಿದ್ದ. ಖಾಲಿ ಸಾಲು ತಗಸಿದಾವ ನೀನೇ, ಅಳತಿ ಸರದಾಡತಾವು ಅನ್ನೂದು ನಿನಗ ಒಬ್ಬನಿಗೇ ಗೊತ್ತಿತ್ತು. ತಿದ್ದಸಲಿಲ್ಲ, ಸಿಕಂದರನ ಬಾಯಿ ಮುಚ್ಚಿಸಿದಿ. ಮುಂದಿನ ಅಮಾಸಿಗೆ ನೀರು ಬೆರಸಿದಿ. ನಿನ್ನ ನೀರು ಯಾರ ಹೆಸರಿಗೆ ಬೀಳತೈತಿ ಅಂತ ತಿಳಕೊಂಡೇ ಬೆರಸಿದಿ.”



ಸಿದ್ದರಾಯನ ನಿರ್ದೇಶಕಗಿರಿ ಹೋಯಿತು. ರೇವವ್ವನ ಸದಸ್ಯತ್ವ, ನಸ್ರೀನಳ ಕೆಲಸ ಉಳಿದವು. ಮುಂಚೆ ರೇವವ್ವ ಹಾಲಿನ ಸಾಲಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದಳಂತೆ. ಈಗ ಹಾಲು ಸುರಿದು, ಯಾರನ್ನೂ ಮಾತಾಡಿಸದೆ ಹೋಗುತ್ತಾಳೆ ಎಂದು ನಸ್ರೀನ ಹೇಳುತ್ತಾಳೆ.