ಉಸಿರುಮಣಿ ವಾಪಸಾತಿ

ನಾಲ್ಕು ಸಾವಿರ ಅಡಿ ಆಳದಲ್ಲಿ ಅಮರೇಶಪ್ಪ ಬಂಡೆ ಕೊರೆಯುತ್ತ ಹಾಡು ಹೇಳುತ್ತಿದ್ದ. ಆ ಚಿನ್ನದ ಗಣಿಯವರು ಒಳಗೆ ಗಾಳಿ ಬಿಡುವ ಯಂತ್ರಗಳನ್ನು ಮೂರು ವರ್ಷದ ಹಿಂದೆ, 2058ರಲ್ಲೇ, ನಿಲ್ಲಿಸಿದ್ದರು. ಬೇರೆಯವರಾದರೆ ಅಲ್ಲಿ ಹತ್ತು ನಿಮಿಷವೂ ಬದುಕಲಾರರು. ಅಮರೇಶಪ್ಪನ ರಕ್ತದಲ್ಲಿ ಡಾ. ತಾರಿಣಿ ಕಂಡುಹಿಡಿದ ಉಸಿರುಮಣಿಗಳಿದ್ದವು. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಯೆಲ್ಲ ಹಂಚುವ ಕೆಂಪು ರಕ್ತಕಣಗಳ ಕೆಲಸವನ್ನು ಈ ಕೃತಕ ಕಣಗಳು ನೂರು ಪಟ್ಟು ಮಾಡುತ್ತಿದ್ದವು. ಬೆಳಿಗ್ಗೆ ಮೇಲೆ ಉಸಿರು ತುಂಬಿಕೊಂಡು ಇಳಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಗಣಿಗೆ ಕರೆಂಟು ಉಳಿಯಿತು, ತಾರಿಣಿಗೆ ಪ್ರಶಸ್ತಿ ಬಂತು.

ಅದು ಅಮರೇಶಪ್ಪನ ಕೊನೆಯ ಪಾಳಿ. ನಿವೃತ್ತರಾಗುವವರು ಹೆಲ್ಮೆಟ್, ದೀಪ, ಬೂಟು ಸ್ಟೋರಿಗೆ ಒಪ್ಪಿಸಿದ ಮೇಲೆಯೇ ಹಾರ, ಶಾಲು. ಆ ಪಟ್ಟಿಗೆ ಈಗ ಮಣಿಗಳೂ ಸೇರಿದ್ದವು. ಗಣಿಯ ಆಸ್ಪತ್ರೆಯ ಯಂತ್ರ ರಕ್ತವನ್ನು ಹೊರಗೆಳೆದು, ಮಣಿ ಸೋಸಿಕೊಂಡು, ಉಳಿದದ್ದನ್ನು ಮೈಗೆ ಮರಳಿಸಬೇಕಿತ್ತು. ಹಾಗೆ ಮಣಿ ಒಪ್ಪಿಸುವವರಲ್ಲಿ ಅಮರೇಶಪ್ಪನೇ ಮೊದಲಿಗ.

ಯಂತ್ರ ಹಚ್ಚಿದ ಹತ್ತೇ ನಿಮಿಷಕ್ಕೆ ಅವನು ಬಿಳಿಚಿಕೊಂಡು ಏದುಸಿರು ಬಿಡತೊಡಗಿದ. ತಾರಿಣಿ ಗಾಬರಿಯಿಂದ ಮಣಿಗಳನ್ನು ಮತ್ತೆ ಮೈಗೆ ಹರಿಸಿ ರಕ್ತ ಪರೀಕ್ಷಿಸಿದಳು. ಅವನದೇ ಎನ್ನುವ ಕೆಂಪು ಕಣ ಒಂದೂ ಇರಲಿಲ್ಲ.

"ಏನಾತ್ರಿ ಡಾಕ್ಟ್ರಮ್ಮ?" ಎಂದಳು ಮಂಚದ ಪಕ್ಕದಲ್ಲಿದ್ದ ಹೆಂಡತಿ ದುರುಗಮ್ಮ.

"ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡ ಸುದ್ದಿ ಕಳಿಸುತ್ತೆ, ಮೂಳೆಯೊಳಗಿನ ಮಜ್ಜೆ ಹೊಸ ಕಣ ಮಾಡುತ್ತೆ. ಮಣಿ ಇದ್ದಿದ್ದಕ್ಕೆ ಕಡಿಮೆಯೇ ಆಗ್ಲಿಲ್ಲ. ಮಜ್ಜೆ ಕೆಲಸ ನಿಲ್ಲಿಸಿಬಿಟ್ಟಿದೆ."

"ಮೊದಲಿನ ರಕ್ತ?"

"ಕಣಗಳ ಆಯುಷ್ಯ ನೂರಿಪ್ಪತ್ತು ದಿನ. ಅವೆಲ್ಲ ಯಾವತ್ತೋ ಸತ್ತಿವೆ."

ಮಣಿಗಳನ್ನು ಸ್ವಲ್ಪಸ್ವಲ್ಪವಾಗಿ ತೆಗೆದರೆ ಮಜ್ಜೆ ಎಚ್ಚರಗೊಳ್ಳಬಹುದು, ಐದಾರು ತಿಂಗಳು ಕೊಡಿ ಎಂದು ತಾರಿಣಿ ಮ್ಯಾನೇಜರ್ ಶೀಲವಂತರನ್ನು ಬೇಡಿಕೊಂಡಳು.

"ಮಣಿ ಕಂಪನಿ ಸ್ವತ್ತು ಮೇಡಂ. ಗಣಿಗೆ ಇಳಿಯೋರ ಮೈಯಾಗ ಅಷ್ಟ ಇರಬೇಕು. ಅವ ಇಳೀಲಿ, ಯಾರು ಬ್ಯಾಡಂದ್ರು?"

ಕರಾರಿನಲ್ಲಿ ಹಾಗೆಯೇ ಇತ್ತು. ಸಹಿ ಹಾಕಿದವಳು ತಾರಿಣಿಯೇ.

"ಎಲ್ಲೀತನಕ ಇಳೀಬೇಕ್ರಿ, ಸಾಹೇಬ್ರ?" ಅಮರೇಶಪ್ಪ ಮಲಗಿದಲ್ಲಿಂದಲೇ ಕೇಳಿದ.

"ಉಸಿರಾಡೂತನಕ," ಎಂದು ನಕ್ಕರು ಶೀಲವಂತ. ಹೊರಗೆ ತಂದಿಟ್ಟಿದ್ದ ಹಾರವನ್ನು ಜವಾನ ಒಯ್ದ.

ದುರುಗಮ್ಮ ತಾರಿಣಿಯ ದಾರಿಗೆ ಅಡ್ಡ ನಿಂತಳು. "ನಿಮಗ ಮೊದಲ ತಿಳೀಲಿಲ್ಲೇನ್ರಿ?"

"ಪ್ರಯೋಗ ತೊಂಬತ್ತು ದಿನ ಮಾಡಿದ್ವಿ. ಆಗ ಹಳೇ ಕಣ ಇನ್ನೂ ಉಳಿದಿದ್ವು, ಎಲ್ಲರೂ ಚೆನ್ನಾಗೇ ಇದ್ರು. ಗಣಿಯವರಿಗೆ ಅವಸರ ಇತ್ತು..."

ನೂರಿಪ್ಪತ್ತು ಎಂಬ ಆ ಸಂಖ್ಯೆಯನ್ನು ತಾರಿಣಿ ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ. ಅವಳ ಅಮ್ಮನ ಕಾಲದಲ್ಲಿ, ಅಂದರೆ ಇವತ್ತು, ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಬಿಟ್ಟ ಸ್ಥಳ ತುಂಬಿದರೆ ಒಂದು ಅಂಕ ಸಿಗುತ್ತದೆ.